ಏತದ ಮರದ ಮೀನುಕೋವಿ

ಮರದ ಅಡ್ಡೆಯ ಮುಂದೆ ಹಾದುಹೋಗುವಾಗ ನಾನು ಈಗಲೂ ಒಂದು ಗಳಿಗೆ ನಿಂತು ಮೂಗು ಅರಳಿಸುತ್ತೇನೆ. ಇದು ತೇಗ, ಇದು ಹಲಸು, ಇದು ಹೊನ್ನೆಯ ಹೆಸರು ಹೇಳಿ ಮಾರುತ್ತಿರುವ ಮತ್ತೇನೋ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು ಮುಂದೆ ನಡೆಯುತ್ತೇನೆ. ಜೀವಮಾನವೆಲ್ಲ ಗಣಿತ ಪಾಠ ಮಾಡಿದವಳಿಗೆ ಈ ಚಾಳಿ ಅಂಟಿಸಿದವರು ಮದ್ದೂರಿನ ನಮ್ಮ ಹೈಸ್ಕೂಲಿನ ಕ್ರಾಫ್ಟ್ ಮೇಷ್ಟ್ರು. ಕಳೆದ ತಿಂಗಳು ಅವರು ತೀರಿಕೊಂಡರು. ತುಂಬು ವಯಸ್ಸು, ನಿದ್ದೆಯಲ್ಲೇ ಹೋದರು, ಪುಣ್ಯಾತ್ಮ ಎಂದು ಎಲ್ಲರೂ ಹೇಳಿದರು. ಅದೆಲ್ಲ ಸರಿಯೇ. ಸುದ್ದಿ ಬಂದ ದಿನ ನಾನು ಮಾತ್ರ ಅಡ್ಡೆಯ ಮುಂದೆ ನಿಲ್ಲದೆ ನಡೆದುಬಿಟ್ಟೆ.

ಎಪ್ಪತ್ತರ ದಶಕದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಾನು ಸೋಮನಹಳ್ಳಿಯ ಒಕ್ಕಲು ಮನೆಯಿಂದ ಬಂದವಳು. ನನ್ನ ಗಂಡ ಮಂಡ್ಯದ ಕಚೇರಿಯೊಂದರಲ್ಲಿ ಗುಮಾಸ್ತರು. ಗೋಡೆಯ ಆಚೆ ಮೇಷ್ಟ್ರು ಮತ್ತು ಮಡಿ ಹೆಂಗಸಾದ ಅವರ ತಾಯಿ. ಅಪ್ಪ, ತಾತ ಎಲ್ಲ ಪೌರೋಹಿತ್ಯ ಮಾಡಿಕೊಂಡು ಬಂದವರು. ಆ ವಂಶದಲ್ಲಿ ಹುಟ್ಟಿ ಬಾಚಿ, ಉಳಿ ಹಿಡಿದ ಮಗನನ್ನು ನೆಂಟರು ಬಹಳ ಕಾಲ ಕ್ಷಮಿಸಿರಲಿಲ್ಲ. ಮೇಷ್ಟ್ರ ಜನಿವಾರದಲ್ಲಿ ಬೀಗದ ಕೈಯ ಜೊತೆಗೆ ಒಂದು ಮೋಟು ಪೆನ್ಸಿಲ್ಲೂ ನೇತಾಡುತ್ತಿತ್ತು. ಸಂಧ್ಯಾವಂದನೆ ಮಾಡುವಾಗ ಅದನ್ನು ಬಿಚ್ಚಿಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಕೆಂದು ಬಹಳ ಸಲ ಅನ್ನಿಸಿದ್ದುಂಟು.

ಯಾವ ಮರ ಕೈಗೆ ಸಿಕ್ಕಿದರೂ ಅವರು ಮೊದಲು ಮೂಸುತ್ತಿದ್ದರು. ಆಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೆ ಹಿಡಿಯುವುದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುವುದು, ಕೊನೆಗೆ ತುದಿಯನ್ನು ನಾಲಿಗೆಯಿಂದ ಮುಟ್ಟುವುದು. ಹೆಡ್‌ಮೇಷ್ಟ್ರ ಹೊಸ ಕುರ್ಚಿಯನ್ನು ಹೀಗೆ ನೆಕ್ಕಿ ನೋಡಿ, "ಇದು ತೇಗ ಅಲ್ಲ ಸಾರ್, ಬಣ್ಣ" ಎಂದದ್ದು ನಮ್ಮ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಓಡಿದ ಕಥೆ. ಮಾತು ಕಡಿಮೆ. ಸುಳ್ಳು ಹೇಳಲು ಬರುತ್ತಿರಲಿಲ್ಲ, ಅಥವಾ ಹಾಗೆಂದು ನಾವೆಲ್ಲ ನಂಬಿದ್ದೆವು.

ಅವರಿಗೆ ಇದ್ದ ಒಬ್ಬನೇ ಗೆಳೆಯ ಕೊತ್ತತ್ತಿಯ ನಿಂಗೇಗೌಡ. ಮಂಡ್ಯದಲ್ಲಿ ಓದುವಾಗ ಒಂದೇ ಬೆಂಚು. ಪುರೋಹಿತರ ಮಗನನ್ನು ನಾಲೆಗೆ ದಬ್ಬಿ ಈಜು ಕಲಿಸಿದವನು ಅವನೇ. ನನ್ನ ಅಕ್ಕನನ್ನು ಕೊಟ್ಟದ್ದು ಕೊತ್ತತ್ತಿಗೆ, ಗೌಡರ ಎದುರು ಮನೆಗೆ. ಹಾಗಾಗಿ ಈ ಕಥೆಯ ಎರಡು ತುದಿಯೂ ನನ್ನ ಕಣ್ಣಿಗೆ ಬಿದ್ದವು. ಬಲೆ ಬೀಸುವುದಿರಲಿ, ಈಟಿ ಎಸೆಯುವುದಿರಲಿ, ಕೊತ್ತತ್ತಿ ಕೆರೆಯಲ್ಲಿ ನಿಂಗೇಗೌಡರಿಗೆ ಸಮಾನರಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಹೊಲ ಗದ್ದೆ ಕೆಲಸ ಮುಗಿಸಿ ಕೆರೆಗೆ ಇಳಿದರೆಂದರೆ ಅವರ ಮನೆಯವರಿಗೆ ಮಾತ್ರವಲ್ಲ, ಎದುರು ಮನೆಗೂ ಸಾರಿಗೆ ಚಿಂತೆಯಿಲ್ಲ.

ಅಂಥವರ ಬಲಗೈ ಒಂದು ಆಲೆಮನೆಯಲ್ಲಿ ಹೋಯಿತು. ಗಾಣಕ್ಕೆ ಕಬ್ಬು ಕೊಡುವಾಗ ಜಲ್ಲೆಯ ಜೊತೆ ಕೈಯೂ ಒಳಗೆ ಹೋಗಿ, ಆಸ್ಪತ್ರೆಯಲ್ಲಿ ಮೊಣಕೈವರೆಗೆ ತೆಗೆದರು. ಗಾಯ ಮಾಯಿತು. ಮನುಷ್ಯ ಮಾಯಲಿಲ್ಲ.

ಒಂದು ದಿನ ಗೌಡರ ಹೆಂಡತಿ ಬಸ್ಸು ಹತ್ತಿ ಮದ್ದೂರಿಗೆ ಬಂದು ಮೇಷ್ಟ್ರ ಜಗಲಿಯಲ್ಲಿ ಕುಳಿತಳು. ಗುರುತಿನವಳೆಂದು ನಾನು ಕುಡಿಯಲು ನೀರು ಕೊಡಲು ಹೋಗಿದ್ದೆ.

"ಅಯ್ನೋರೇ, ದಿನಾ ಓಗಿ ಬಾವಿ ಕಟ್ಟೆ ಮ್ಯಾಲೆ ಕುಂತ್ಕತಾರೆ. ಕೂಗುದ್ರೆ ಓ ಅನ್ನಾಕಿಲ್ಲ. ನೀರೇ ನೋಡ್ತಾ ಇರ್ತಾರೆ. ನಂಗೆ ಎದ್ರಿಕೆ ಆಯ್ತದೆ. ನೀವು ಬಂದು ಒಂದು ಮಾತು ಯೇಳಿ."

"ಮಾತು ಹೇಳೋಕೆ ನನಗೆ ಬರಲ್ಲಮ್ಮ" ಎಂದರು ಮೇಷ್ಟ್ರು. ಜಗಲಿಯ ಕಂಬವನ್ನು ಅಂಗೈಯಿಂದ ಸವರಿದರು. "ಏನಾದರೂ ಮಾಡ್ತೀನಿ."

ಮುಂದಿನ ವಾರ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದರು: "ಟೀಚರ್, ಹೆದರಿದ ಮೀನು ಯಾವ ಕಡೆ ಓಡತ್ತೆ? ಮುಂದಕ್ಕೋ, ಪಕ್ಕಕ್ಕೋ?"

"ನಾನು ನೋಡಿರೋದು ತಟ್ಟೆಯಲ್ಲಿರೋ ಮೀನು ಮೇಷ್ಟ್ರೇ. ಅದು ಯಾವ ಕಡೆಗೂ ಓಡಲ್ಲ" ಎಂದೆ.

ಅವರು ನಗಲಿಲ್ಲ. ಮಂಡ್ಯದ ಟೈರ್ ಅಂಗಡಿಯೊಂದರ ಕ್ಯಾಲೆಂಡರಿನಲ್ಲಿ ಕಂಡ ಚಿತ್ರದ ವಿಷಯ ಹೇಳಿದರು. ಯಾವುದೋ ದೇಶದ ಸಮುದ್ರದಲ್ಲಿ ಒಬ್ಬ ಕೆಂಚ ಮನುಷ್ಯ ನೀರಿನೊಳಗೆ ಮಲಗಿದ ಹಾಗೆ ತೇಲುತ್ತಿದ್ದಾನೆ. ಕೈಯಲ್ಲಿ ಮರದ ಕೋವಿ. ಮದ್ದಿಲ್ಲ, ಗುಂಡಿಲ್ಲ. ರಬ್ಬರು ಎಳೆದು ಬಿಟ್ಟರೆ ಉಕ್ಕಿನ ಈಟಿ ಹಾರುತ್ತದೆ. ಅವನು ಅದನ್ನು ಹಿಡಿದಿರುವುದು ಒಂದೇ ಕೈಯಲ್ಲಿ. ಆ ಒಂದೇ ಕೈ ಮೇಷ್ಟ್ರ ತಲೆ ಹೊಕ್ಕು ಕುಳಿತಿತ್ತು. ಅಂಗಡಿಯವನು ಬೇಡವೆಂದರೂ ಬಿಡದೆ ಸ್ಟೂಲು ಹತ್ತಿ, ಚಿತ್ರದ ಮನುಷ್ಯನ ಮೊಣಕೈಯನ್ನೇ ಗಜಕಡ್ಡಿ ಮಾಡಿಕೊಂಡು ಕೋವಿಯ ಉದ್ದ ಅಗಲ ಲೆಕ್ಕ ಹಾಕಿಕೊಂಡು ಬಂದಿದ್ದರು. ಜನ್ಮದಲ್ಲಿ ಮೀನು ಬಾಯಿಗಿಟ್ಟವರಲ್ಲ. ಮೀನಂಗಡಿಯ ಮುಂದೆ ಹೋಗಬೇಕಾದರೆ ರಸ್ತೆ ದಾಟುತ್ತಿದ್ದರು. ಅಂಥವರು ಮೀನು ಹೊಡೆಯುವ ಕೋವಿ ಮಾಡಲು ಹೊರಟರೆ ಯಾರಿಗೆ ಕುತೂಹಲವಾಗುವುದಿಲ್ಲ ಹೇಳಿ. ನಾನಂತೂ ಗೋಡೆಗೆ ಕಿವಿ ಕೊಟ್ಟೇ ಇದ್ದೆ.

ಎಲ್ಲಕ್ಕಿಂತ ಮೊದಲು ಮರ. ನೀರು ಕುಡಿದರೆ ಉಬ್ಬಬಾರದು, ಬಿಸಿಲಿಗೆ ಇಟ್ಟರೆ ಡೊಂಕಾಗಬಾರದು, ಈಟಿ ಹಾರಿಹೋದ ಮೇಲೆ ಕೈ ಬಿಟ್ಟರೂ ಮುಳುಗಬಾರದು. ಒಂಟಿಗೈಯವನು ಅದನ್ನು ಬಿಟ್ಟು ಮೀನು ಹಿಡಿಯಬೇಕಲ್ಲ. ಮಳವಳ್ಳಿ ಕಡೆ ಆಗ ಪಂಪ್‌ಸೆಟ್ಟು ಬಂದು, ನೀರೆತ್ತುವ ಏತಗಳೆಲ್ಲ ಹಿತ್ತಲು ಸೇರುತ್ತಿದ್ದವು. ಅಲ್ಲಿನ ಒಬ್ಬ ರೈತನ ಹಿತ್ತಲಿನಿಂದ ಮುರಿದ ಏತದ ಮರದ ತುಂಡೊಂದನ್ನು ಮೇಷ್ಟ್ರು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದರು. ಹಳೇ ತೇಗ, ಬಿಸಿಲು ನೀರು ಎರಡನ್ನೂ ತಲೆಮಾರುಗಟ್ಟಲೆ ಕಂಡದ್ದು. ಅದರ ಒಂದು ಮಗ್ಗುಲಲ್ಲಿ ಹಗ್ಗ ಸವೆದು ಸವೆದು ಬೆರಳು ಕೂರುವಷ್ಟು ಗೀರು ಬಿದ್ದಿತ್ತು. "ಮುಟ್ಟಿ ನೋಡಿ ಟೀಚರ್" ಎಂದು ನನ್ನ ಕೈಗೆ ಕೊಟ್ಟರು. ಹೆಬ್ಬೆರಳು ತಾನಾಗಿಯೇ ಹೋಗಿ ಅಲ್ಲಿ ಕುಳಿತಿತು.

ಆ ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದೆ. ಕೆರೆಯ ಸೋಪಾನದ ಮೇಲೆ ಅಕ್ಕನ ಜೊತೆ ಬಟ್ಟೆ ಹಿಂಡುತ್ತಿರುವಾಗ ಇಬ್ಬರೂ ಬಂದರು. ಮೇಷ್ಟ್ರು ಮುಂದೆ, ಗೌಡರು ಹಿಂದೆ, ಯಾರೋ ಎಳೆದುಕೊಂಡು ಬಂದ ಹಾಗೆ. ಗೌಡರು ನೀರಿಗೆ ದೂರವಾಗಿ ಮೇಲಿನ ಮೆಟ್ಟಿಲಲ್ಲೇ ಕುಳಿತರು.

"ಇದನ್ನ ನೀರಲ್ಲಿ ಹಿಡಿದು ನೋಡೋ" ಎಂದರು ಮೇಷ್ಟ್ರು. "ನನ್ನ ಕೈಗೆ ನೀರಿನ ಲೆಕ್ಕ ಗೊತ್ತಾಗಲ್ಲ. ನಿನ್ನ ಕೈಗೆ ಗೊತ್ತಾಗತ್ತೆ."

"ಇರೋದು ಒಂದೇ ಕೈ ಕಣ್ಲಾ. ಅದೂ ಎಡಗೈ. ಅದ್ಕೇನ್ ಗೊತ್ತಾದದು, ಅನ್ನ ಕಲಸಾಕೇ ಬರಾಕಿಲ್ಲ."

ಮೇಷ್ಟ್ರು ಮರವನ್ನು ಚಾಚಿಕೊಂಡು ಹಾಗೇ ನಿಂತರು. ಬಹಳ ಹೊತ್ತು ನಿಂತರು. ಕೊನೆಗೆ ಗೌಡರಿಗೇ ಬೇಸರವಾಗಿ ಎದ್ದು ಬಂದು, ಪಾದ ಮುಳುಗುವಷ್ಟು ನೀರಲ್ಲಿ ನಿಂತು, ಬಗ್ಗಿ ಮರವನ್ನು ತೇಲಬಿಟ್ಟರು. ಅದು ನೀರಿನ ಮೇಲೆ ನೆಟ್ಟಗೆ, ಹಾಸಿದ ಹಾಗೆ ಮಲಗಿತು. ನಾನು ಗಣಿತದವಳು, ಸಮತಲ ಎಂದರೇನೆಂದು ನನಗೆ ಗೊತ್ತು. ಗೌಡರು ಅದನ್ನು ಒಮ್ಮೆ ಒತ್ತಿ ಬಿಟ್ಟು, "ತಲೆ ಬಾರ. ಆಗಾಕಿಲ್ಲ ಬುಡು" ಎಂದರು.

ಮೇಷ್ಟ್ರು ಒಂದು ಮಾತೂ ವಾದಿಸಲಿಲ್ಲ. "ಹೌದಾ? ಹಾಗಾದರೆ ಬೇರೆ ತರ್ತೀನಿ" ಎಂದು ಮರವನ್ನು ಹೆಗಲಿಗೇರಿಸಿಕೊಂಡು ಮದ್ದೂರಿನ ಬಸ್ಸು ಹಿಡಿದರು.

ಅಲ್ಲಿಂದ ಶುರುವಾಯಿತು ನೋಡಿ ಮರದ ಮೆರವಣಿಗೆ. ಹಲಸು ಬಂತು. ಅದನ್ನು ನೋಡಲು ಗೌಡರು ಮೊಣಕಾಲುದ್ದ ನೀರಿಗೆ ಇಳಿದರು. ಬೆಂಡಿನ ಹಾಗೆ ಹಗುರ, ರಬ್ಬರು ಎಳೆದರೆ ಬಗ್ಗುತ್ತದೆ ಎಂದರು. ಹೆಬ್ಬೇವು ಬಂತು. ಸೊಂಟದವರೆಗೆ ನೀರಲ್ಲಿ ನಿಂತು ಅದನ್ನು ಅತ್ತಿತ್ತ ಆಡಿಸಿ, ನೀರು ಕುಡಿಯುವ ಮರ ಎಂದರು. ಬೀಟೆ ಕಲ್ಲಿನ ಹಾಗೆ ತಳ ಸೇರಿತು. ಅದನ್ನು ಎತ್ತಲು ಗೌಡರು ಮುಳುಗಬೇಕಾಯಿತು. ಎದ್ದು ಬಂದು ಬಾಯ್ತುಂಬ ಬೈದರು: "ಲೇ, ಇಂತಾದ್ನೆಲ್ಲ ಯಾಕ್ಲಾ ತತ್ತೀಯ? ಬುದ್ಧಿ ಇಲ್ವಾ ನಿಂಗೆ?" ಮೇಷ್ಟ್ರು ದಡದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಪೆದ್ದನ ಹಾಗೆ ನಿಂತಿದ್ದರು. ಬಿದಿರಿನ ಗಳ, ಮತ್ತಿ, ಹೊನ್ನೆ, ಯಾವುದೋ ಹಳೇ ಮಂಚದ ಕಾಲು, ಒಂದಲ್ಲ ಒಂದು ಪ್ರತಿ ಭಾನುವಾರ ಕೊತ್ತತ್ತಿಗೆ ಹೋಗುವುದು, ಸಂಜೆಗೆ ವಾಪಸ್ಸು ಬರುವುದು.

"ಮೇಷ್ಟ್ರೇ, ಇಷ್ಟು ಆರಿಸಿ ತೂಗಿ ಹೆಣ್ಣು ನೋಡಿದ್ದಿದ್ದರೆ ಇಷ್ಟೊತ್ತಿಗೆ ಮೊಮ್ಮಕ್ಕಳಿರ್ತಿದ್ದರು" ಎಂದು ನಾನು ಛೇಡಿಸಿದೆ.

"ಹೆಣ್ಣಿಗೆ ಬಾಯಿದೆ ಟೀಚರ್, ಇಷ್ಟವಿಲ್ಲದಿದ್ದರೆ ಹೇಳ್ತಾಳೆ. ಮರಕ್ಕೆ ನಾವೇ ಕೇಳಬೇಕು" ಎಂದರು. ಅವರು ಕೊನೆಗೂ ಮದುವೆಯಾಗಲಿಲ್ಲ.

ಈ ನಡುವೆ ಉಳಿದ ಸಾಮಾನುಗಳ ಬೇಟೆಯೂ ನಡೆದಿತ್ತು. ಸೈಕಲ್ ಟ್ಯೂಬು ಎಳೆದರೆ ಕಿತ್ತು ಬಂತು. ಲಾರಿ ಟ್ಯೂಬಿಗೆ ಬಲವಿತ್ತು, ಬಿಟ್ಟ ಮೇಲೆ ಹಿಂದಿರುಗುವ ಚುರುಕಿಲ್ಲ. ಕೊನೆಗೆ ಔಷಧಿ ಅಂಗಡಿಯಿಂದ ಎನಿಮಾ ಕೊಡುವ ರಬ್ಬರು ಕೊಳವೆ ತಂದರು. ಅದಕ್ಕೆ ಗುಂಡುಕಲ್ಲು ಕಟ್ಟಿ ನಮ್ಮ ಹಿತ್ತಲಿನ ನುಗ್ಗೆ ಮರಕ್ಕೆ ನೇತು ಹಾಕಿ, ದಿನಾ ಸ್ಕೂಲಿಂದ ಬಂದು ಎಷ್ಟು ಜಗ್ಗಿದೆ ಎಂದು ನೋಡುತ್ತಿದ್ದರು. ರಬ್ಬರಿಗೆ ಏನೂ ಆಗಲಿಲ್ಲ, ನುಗ್ಗೆ ಕೊಂಬೆ ಮುರಿಯಿತು. ಈಟಿಗೆ ಕೊಡೆಯ ಕಡ್ಡಿ ಸೊಟ್ಟಗಾಯಿತು, ಸೈಕಲ್ ಕಡ್ಡಿ ಸಣ್ಣದಾಯಿತು. ಮಂಡ್ಯದ ಗುಜರಿಯಲ್ಲಿ ಯಾವುದೋ ಯಂತ್ರದ ಉಕ್ಕಿನ ಕಂಬಿಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಬೀಳಿಸಿ, ಗಂಟೆಯ ಹಾಗೆ ನಾದ ಬಂದದ್ದನ್ನು ಆರಿಸಿಕೊಂಡರು. ಗುಜರಿಯವನು, "ಸಂಗೀತದ ಮೇಷ್ಟ್ರಾ ಸ್ವಾಮಿ ನೀವು?" ಎಂದು ಕೇಳಿದನಂತೆ.

ಅದು ತುರ್ತು ಪರಿಸ್ಥಿತಿಯ ಕಾಲ. ಒಮ್ಮೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಪೊಲೀಸನೊಬ್ಬ ಇವರ ಬಟ್ಟೆಯ ಗಂಟನ್ನು ಲಾಠಿಯಿಂದ ತಟ್ಟಿ, "ಏನ್ರೀ ಅದು?" ಎಂದ. ಕಟ್ಟಿಗೆ ಎನ್ನಬಹುದಿತ್ತು, ಕಂಬಿ ಎನ್ನಬಹುದಿತ್ತು. ನಮ್ಮ ಮೇಷ್ಟ್ರು, "ಕೋವಿ" ಎಂದರು. ಬಸ್ಸಿನ ಮುಂದಿದ್ದ ಜನ ಚೆಲ್ಲಾಪಿಲ್ಲಿ. ನನ್ನ ಗಂಡ ಅದೃಷ್ಟಕ್ಕೆ ಅಲ್ಲೇ ಇದ್ದವರು ಓಡಿ ಬಂದು, "ಮೀನು ಹೊಡೆಯೋ ಕೋವಿ ಸಾರ್, ಇವರು ಸ್ಕೂಲ್ ಮೇಷ್ಟ್ರು" ಎಂದರು. ಪೊಲೀಸ ಇವರ ಹಣೆಯ ಗಂಧ, ಅಂಗಿಯ ಕತ್ತಿನಲ್ಲಿ ಇಣುಕುವ ಜನಿವಾರ ನೋಡಿ, "ಬುದ್ಧಿ, ನಿಮಗ್ಯಾಕೆ ಮೀನಿನ ಸಾವಾಸ?" ಎಂದು ಬಿಟ್ಟು ಕಳಿಸಿದನಂತೆ.

ತಾಯಿಗೂ ಇವರು ಮುಚ್ಚಿಟ್ಟಿರಲಿಲ್ಲ. ಆಕೆ ಅಡಿಗೆಮನೆಯ ಹೊಸಿಲು ದಾಟಿ ಬಂದು ಕೇಳಿದ್ದು, ಮಗ ಹೇಳಿದ್ದು ಎರಡೂ ನನಗೆ ಕೇಳಿಸಿತ್ತು. ಕೇಳಿದ ಮೇಲೆ ಆಕೆ ಬೈಯದೆ ಒಳಗೆ ಹೋಗಿ ಒಲೆ ಊದತೊಡಗಿದರು. ಅದೇ ನನಗೆ ಆಶ್ಚರ್ಯವಾಗಿತ್ತು.

ಅಂತೂ ಒಂದು ಭಾನುವಾರ ಗೌಡರು ಕುತ್ತಿಗೆ ಮಟ್ಟದ ನೀರಿನಲ್ಲಿ ನಿಂತು, ಹೊಸದೆಂದು ತಂದ ಏತದ ಮರದ ತುಂಡನ್ನು ಒಪ್ಪಿಕೊಂಡರು. ಕೆಲಸ ಸರಸರನೆ ಸಾಗಿತು. ಈಟಿ ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಗೆ ಸೈಕಲ್ಲಿನ ಬ್ರೇಕಿನ ಹಿಡಿ, ಎಡಗೈ ಬೆರಳಿಗೆ ಸಿಗುವ ಹಾಗೆ. ಹಿಂಭಾಗವನ್ನು ಹೊಟ್ಟೆಗೆ ಒತ್ತಿಕೊಂಡು ಒಂದೇ ಕೈಯಿಂದ ರಬ್ಬರು ಎಳೆಯಬೇಕಲ್ಲ, ಅಲ್ಲಿಗೆ ಹವಾಯಿ ಚಪ್ಪಲಿಯ ಮೆತ್ತೆ. ಮೊಂಡುಗೈ ಕೂರಲು ಒಂದು ತಗ್ಗು. ಕೋವಿ ಸಿದ್ಧವಾದ ದಿನ ನನಗೆ ತೋರಿಸಿದರು. ನಾನು ಸವರುತ್ತಾ ಹೋದೆ. ಒಂದು ಮಗ್ಗುಲಲ್ಲಿ ಹೆಬ್ಬೆರಳು ತಾನಾಗಿಯೇ ಹೋಗಿ ಕುಳಿತಿತು.

"ಮೇಷ್ಟ್ರೇ, ಇದು ಮೊದಲನೇ ಸಲ ತಂದ ತುಂಡೇ ಅಲ್ಲವಾ?"

"ಏತದ ಮರಕ್ಕೆ ಹಗ್ಗದ ಗುರುತು ಇದ್ದೇ ಇರತ್ತೆ ಟೀಚರ್" ಎಂದು ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡುಬಿಟ್ಟರು.

ಮರ ನೀರು ಕುಡಿಯದಿರಲು ಎಣ್ಣೆ ಹಚ್ಚಬೇಕಿತ್ತು. ಅಗಸೆ ಎಣ್ಣೆ ಎಂದು ಮೇಷ್ಟ್ರ ಯೋಚನೆ. "ಅಗ್ಸೆ ಯಾಕ್ಲಾ, ಒಂಗೆ ಎಣ್ಣೆ ಕುಡ್ಸು. ನಮ್ ಗಾಡಿ ನೊಗ ನಮ್ ತಾತನ ಕಾಲುದ್ದು, ಇನ್ನೂ ಗುಂಡುಕಲ್ಲಂಗದೆ" ಎಂದರು ಗೌಡರು. ನಮ್ಮ ಕಡೆ ಗಾಡಿ, ನೇಗಿಲು, ನೊಗ ಎಲ್ಲಕ್ಕೂ ಹೊಂಗೆ ಎಣ್ಣೆಯೇ ಮದ್ದು. ನಾನೂ ತಲೆ ಆಡಿಸಿದೆ. ವಾರಗಟ್ಟಲೆ ಕೋವಿ ಹೊಂಗೆ ಎಣ್ಣೆ ಕುಡಿಯಿತು.

ದೀಪಾವಳಿ ಕಳೆದು ಕೆರೆಯ ನೀರು ತಿಳಿಯಾದ ಮೇಲೆ ಗೌಡರು ಕೋವಿ ಹಿಡಿದು ಇಳಿದರು. ಅವರ ಹೆಂಡತಿ, ಅಕ್ಕ, ನಾನು, ಎಲ್ಲ ದಡದಲ್ಲಿ. ಮೇಷ್ಟ್ರ ತುಟಿ ಏನೋ ಗುಣುಗುತ್ತಿತ್ತು. ಗೌಡರು ಮುಳುಗಿದರು, ಎದ್ದರು, ಮುಳುಗಿದರು, ಎದ್ದರು. ಒಂದು ಗೆಂಡೆ ಮೀನಿನ ಮರಿಯೂ ಇಲ್ಲ. ಅವರ ಸುತ್ತ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ಹರಡಿಕೊಂಡಿತ್ತು. ಅದನ್ನು ನೋಡಿದ ಗೌಡರು ಹಣೆ ಚಚ್ಚಿಕೊಂಡರು.

"ಲೇ! ಮಡುಗೆ ಒಂಗೆ ಬೀಜ ಜಜ್ಜಿ ಆಕಿ ಮೀನು ಸಾಯಿಸ್ತಿದ್ದೋರು ನಾವೇ ಅಲ್ವೇನ್ಲಾ! ಅದ್ರ ವಾಸ್ನೆಗೆ ಯಾವ್ ಮೀನ್ಲಾ ಅತ್ರ ಬಂದಾದು? ಮೀನು ಇಡಿಯೋ ಕೋವಿ ಮಾಡು ಅಂದ್ರೆ ಮೀನು ಓಡ್ಸೋ ಕೋವಿ ಮಾಡಿದೀವಲ್ಲಾ!"

ಎಂದವರು ನೀರಿನಲ್ಲೇ ನಿಂತು ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು. ನಾವೂ ನಕ್ಕೆವು. ಗೌಡರ ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಆ ನಗು ಕೇಳಿ ಅವಳಿಗೆ ಎಷ್ಟು ಕಾಲವಾಗಿತ್ತೋ.

ಈಗ ಕುಡಿಸಿದ ಎಣ್ಣೆಯನ್ನು ಕಕ್ಕಿಸುವ ಕೆಲಸ. ಬಟ್ಟೆ ಒಗೆಯುವ ಸೋಡಾ, ಬೂದಿ, ಬಿಸಿಲು ಯಾವುದಕ್ಕೂ ವಾಸನೆ ಜಗ್ಗಲಿಲ್ಲ. ಆಗ ಮೇಷ್ಟ್ರ ತಾಯಿ ಹಿತ್ತಲಿಗೆ ಬಂದು ಒಂದು ಡಬ್ಬಿಯನ್ನು ಕಲ್ಲಿನ ಮೇಲೆ ಇಟ್ಟರು. "ಎಣ್ಣೆ ಹೋಗಬೇಕಾದರೆ ಸೀಗೆಪುಡಿ ಕಣೋ. ನಿನ್ನ ತಲೆಗೆ ಇನ್ನೇನು ಹಾಕ್ತಿದ್ದೆ?"

ಮೀನುಕೋವಿಗೆ ಮಡಿ ಮನೆಯ ಹಂಡೆಯ ಬಿಸಿನೀರಿನಲ್ಲಿ ಸೀಗೆಪುಡಿಯ ಅಭ್ಯಂಜನವಾಯಿತು. ನಾನು ನಗು ತಡೆದುಕೊಂಡು, "ಇದು ಜೀವ ತೆಗೆಯೋ ಸಾಮಾನಲ್ಲವೇ ಅಮ್ಮ?" ಎಂದೆ.

"ಗೊತ್ತಮ್ಮ. ನೀರಿಗಿಳಿದವನು ಎದ್ದು ಬರೋ ಹಾಗಾದರೆ ಸಾಕು. ಮೀನಿನ ಪಾಪ ನನ್ನ ತಲೆಗೇ ಬರಲಿ" ಎಂದು ಒಳಗೆ ಹೋದರು.

ಆಮೇಲೆ ಅಗಸೆ ಎಣ್ಣೆ ಹಚ್ಚಿದರು. ಆ ಬೇಸಿಗೆಯಲ್ಲಿ ಗೌಡರು ಒಂದು ದೊಡ್ಡ ಗೆಂಡೆ ಹೊಡೆದು ತಂದರು. ಮೇಷ್ಟ್ರು ಅದನ್ನು ನೋಡಿ ಮುಖ ಸಣ್ಣ ಮಾಡಿಕೊಂಡು, ಪಾಪ ಎಂದರು. ಮರುಕ್ಷಣವೇ ಬಗ್ಗಿ, "ಎಲ್ಲಿಗೆ ಬಿತ್ತೋ? ಗುರಿ ಇಟ್ಟಿದ್ದು ಎಲ್ಲಿಗೆ?" ಎಂದು ಶುರುಮಾಡಿದರು. ಮೀನು ನಮ್ಮ ಅಕ್ಕನ ಮನೆಗೆ ಬಂತು. ಮೇಷ್ಟ್ರು ಅಲ್ಲೇ ಕೆರೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಬಸ್ಸು ಹತ್ತಿದರು. ಭಾನುವಾರ ಕೊತ್ತತ್ತಿಗೆ ಹೋಗುವುದನ್ನು ಅವರು ಆಮೇಲೂ ಬಿಡಲಿಲ್ಲ. ರಿಟೈರಾದ ಮೇಲೂ, ಮಂಡಿನೋವು ಬಂದ ಮೇಲೂ ಹೋಗುತ್ತಲೇ ಇದ್ದರು.

ವೈಕುಂಠ ಸಮಾರಾಧನೆಗೆ ನಾನು ಮದ್ದೂರಿಗೆ ಹೋದೆ. ಒಳಗೆ ನೆಂಟರು, ಹೋಮದ ಹೊಗೆ. ಹೊರಗೆ ಜಗಲಿಯ ಕಂಬಕ್ಕೆ ಒರಗಿಕೊಂಡು ಹಣ್ಣು ಹಣ್ಣಾದ ನಿಂಗೇಗೌಡರು ಕುಳಿತಿದ್ದರು. ತೊಡೆಯ ಮೇಲೆ ಪಂಚೆಯಲ್ಲಿ ಸುತ್ತಿದ ಕೋವಿ. ಫೋಟೋ ಮುಂದೆ ಇಡಬೇಕೆಂದು ತಂದಿದ್ದರಂತೆ, ಮೇಷ್ಟ್ರ ಅಣ್ಣನ ಮಗನ ಮುಖ ನೋಡಿ ಸುಮ್ಮನಾದರಂತೆ.

ನಾನು ಪಕ್ಕದಲ್ಲಿ ಕುಳಿತು ಬಟ್ಟೆ ಸರಿಸಿದೆ. ಮೂಸಿ ನೋಡಿದೆ. ಸೀಗೆಪುಡಿಯ ಆಚೆ, ಅಗಸೆ ಎಣ್ಣೆಯ ಆಚೆ, ಎಲ್ಲೋ ಒಂದು ಚೂರು ಹೊಂಗೆ ಇನ್ನೂ ಇತ್ತು. ಹೆಬ್ಬೆರಳು ಆ ಗೀರಿನಲ್ಲಿ ಕುಳಿತಿತು.

"ಗೌಡ್ರೇ, ನಿಜ ಹೇಳಿ. ಇದು ಮೊದಲನೇ ದಿನದ ತುಂಡೇ ತಾನೇ?"

"ಅದೇ ಕಣವ್ವ."

"ತಲೆ ಭಾರ ಅಂದಿದ್ದಿರಿ?"

"ಎಲ್ಲಿ ಬಾರ? ಎಲೆ ತೇಲ್ದಂಗೆ ತೇಲ್ತಿತ್ತು." ಗೌಡರು ಕೋವಿಯನ್ನು ನೋಡುತ್ತಾ ಹೇಳಿದರು. "ಸರೀಗದೆ ಅಂದ್ಬುಟ್ಟಿದ್ರೆ ಮುಂದಿನ್ ಬಾನ್ವಾರ ಅವ್ನು ಯಾಕ್ ಬತ್ತಿದ್ದ ಯೇಳು?"

"ಮೇಷ್ಟ್ರಿಗೆ ಗೊತ್ತಾಗಲಿಲ್ಲವೇ?"

"ಅವ್ನಿಗೆ ಗೊತ್ತಾಗದ ಮರ ಯಾವ್ದದೆ? ಗೊತ್ತಿದ್ದೇ ಇನ್ನೊಂದು ಒತ್ಕೊಂಡು ಬತ್ತಿದ್ದ. ಬೀಟೆ ಮುಳುಗ್ತದೆ ಅಂತ ಗೊತ್ತಿಲ್ವಾ ಆ ಕಳ್ಳುಂಗೆ? ಇಬ್ರೂ ಒಂದು ದಿನಾನೂ ಅದ್ರ ಮಾತೇ ಆಡ್ಲಿಲ್ಲ."

"ಹಾಗಾದರೆ ಹೊಂಗೆ ಎಣ್ಣೆ ಅಂದಿದ್ದೂ ಬೇಕು ಅಂತಲೇನಾ?"

"ಥೂ, ಇಲ್ಲ ಕಣವ್ವ. ಅದು ನಿಜ್ವಾಗ್ಲೂ ಮರ್ತೋಗಿತ್ತು" ಎಂದು ನಕ್ಕರು. ನಗುತ್ತಿದ್ದ ಹಾಗೇ ಕಣ್ಣು ತುಂಬಿತು. ಇದ್ದ ಒಂದು ಕೈ ಕೋವಿಯ ಮೇಲಿತ್ತು. ಅದನ್ನು ತೆಗೆಯದೆ, ಕೆನ್ನೆಯನ್ನು ಹೆಗಲಿಗೆ ಒರೆಸಿಕೊಂಡರು.

ಒಳಗಿನಿಂದ ಊಟಕ್ಕೆ ಕರೆದರು. ಗೌಡರು ಏಳಲಿಲ್ಲ. ಬೀದಿಯ ಕಡೆ, ಬಸ್ಸು ಬರುವ ಕಡೆ ನೋಡುತ್ತಾ ಕುಳಿತರು.

"ಇವತ್ತು ಬಾನ್ವಾರ ಕಣವ್ವ" ಎಂದರು.